ಹಳೇಪೇಟೆಗೆ ಮ್ಯೂಸಿಯಂ: ಮೊದಲು ರಿಜಿಸ್ಟರ್, ಆಮೇಲೆ ಗಾಜಿನ ಕಪಾಟು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಹಳೇಪೇಟೆಗೆ ತನ್ನದೇ ಒಂದು ಸ್ಥಳೀಯ ಇತಿಹಾಸ ಸಂಗ್ರಹಾಲಯ ಬೇಕು ಎಂಬ ಮಾತು ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಚರ್ಚೆ ನಡೆಯುವುದು ಯಾವ ಕಟ್ಟಡ, ಎಷ್ಟು ಡಿಜಿಟಲ್ ಪರದೆ, ಬಾಗಿಲಲ್ಲಿ ಯಾರ ಪ್ರತಿಮೆ ಎಂಬುದರ ಸುತ್ತಲೇ. ಅಷ್ಟರಲ್ಲಿ ಒಳಗೆ ಇಡಬೇಕಾದ ವಸ್ತುಗಳು ಗುಜರಿ ಸೇರುತ್ತಿವೆ. ಒಂದು ಹಳೆಯ ಮಳಿಗೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವಾಗ ಅಟ್ಟದ ಮೇಲಿದ್ದ ಲೆಕ್ಕದ ಪುಸ್ತಕಗಳು ರದ್ದಿಗೆ, ಹಿತ್ತಾಳೆ ತಕ್ಕಡಿ ಕೆ.ಜಿ. ಲೆಕ್ಕದಲ್ಲಿ ಕರಗಿಸುವವರಿಗೆ, ಕೆತ್ತನೆಯ ಬಾಗಿಲು ಹಳೇ ಮರದ ಅಂಗಡಿಗೆ ಹೋಗುತ್ತವೆ. ಆದ್ದರಿಂದ ಕಟ್ಟಡಕ್ಕೆ ಕಾಯಬಾರದು. ಸಂಗ್ರಹಾಲಯ ಶುರುವಾಗಬೇಕಾದದ್ದು ಒಂದು ರಿಜಿಸ್ಟರ್, ಒಂದು ಒಣ ಕೋಣೆ ಮತ್ತು ಕೆಲಸ ಬಲ್ಲ ಒಬ್ಬ ವ್ಯಕ್ತಿಯಿಂದ. ಪಾಲಿಕೆಯವರೂ ವರ್ತಕರ ಸಂಘಗಳವರೂ ಇದನ್ನು ಓದುತ್ತಾರೆಂಬ ಭರವಸೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆಯಲ್ಲ, ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. 1865ರಲ್ಲಿ ಶುರುವಾದ ಆ ಸಂಸ್ಥೆ ಆತಕೂರಿನ ವೀರಗಲ್ಲಿನಂಥ ನಾಡಿನ ಮಹತ್ವದ ವಸ್ತುಗಳನ್ನು ಕಾಪಾಡಿಕೊಂಡು ಬಂದಿದೆ. ಅದರ ಕೆಲಸ ನಾಡಿನ ಇತಿಹಾಸ. ಪೇಟೆಯದು ವ್ಯಾಪಾರದ ಇತಿಹಾಸ, ಅದರ ಸಾಕ್ಷಿಗಳೇ ಬೇರೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಕಸುಬಿನ ಪ್ರಕಾರ ಹಂಚಿಕೊಂಡ ಊರು: ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಇಂದಿನ ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಹಲಸೂರು ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾದರೂ ಪೊಲೀಸ್ ಠಾಣೆಯ ಹೆಸರಿನಲ್ಲಿ ಹಲಸೂರು ಗೇಟ್ ಉಳಿದಿದೆ. ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ಮಾಡುತ್ತ 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಪಟವೇಗಾರರು, ಖತ್ರಿಗಳು, ದೇವಾಂಗರ ನೇಯ್ಗೆಯನ್ನೂ ಬಣ್ಣ ಹಾಕುವ ಕ್ರಮವನ್ನೂ ಬರೆದಿಟ್ಟುಕೊಂಡು ಹೋದ. ಟಿಪ್ಪುವಿನ ಕಾಲದ ಯುದ್ಧ ಮುಗಿದು ಊರು ಮತ್ತೆ ಕಣ್ಣುಬಿಡುತ್ತಿದ್ದ ಕಾಲದಲ್ಲೇ ಅಷ್ಟು ಬಗೆಯ ಕಸುಬು ಇಲ್ಲಿತ್ತು. ಆ ಕಸುಬುಗಳ ಉಪಕರಣ, ಲೆಕ್ಕ, ಅಳತೆ, ಅಂಗಡಿಯ ಬೋರ್ಡು, ಹಮಾಲರ ಕೊಕ್ಕೆ, ಇವುಗಳನ್ನು ನಾಡಿನ ಮಟ್ಟದ ಸಂಗ್ರಹಾಲಯ ಹುಡುಕಿಕೊಂಡು ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಲೆಕ್ಕದಿಂದಲೇ ಶುರುಮಾಡೋಣ. ಹಳೆಯ ಅಂಗಡಿಗಳಲ್ಲಿ ಸಿಗುವುದು ದಿನದ ಲೆಕ್ಕದ ಕಿರ್ದಿ, ಖಾತೆ, ಹಣ ಪಾವತಿಯ ಹುಂಡಿ ಪತ್ರ, ರಶೀದಿ ಪುಸ್ತಕ, ಇವೆಲ್ಲಕ್ಕಿಂತ ಹಿಂದಿನದಾದ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಕಡತ ಸಿಕ್ಕಾಗ ಎಲ್ಲರೂ ಮಾಡುವ ಮೊದಲ ಕೆಲಸ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅಲ್ಲಿಗೆ ಬರಹ ಹೋಯಿತು. ಬಳಪದ ಗೆರೆ ಮೇಲ್ಮೈಯಲ್ಲಿ ಕೂತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಒಣಗಿದ ಮಡಿಕೆಯನ್ನು ಬಲವಂತವಾಗಿ ಬಿಡಿಸಿದರೆ ಅಂಟಿನ ಪದರ ಬಿರಿದು ಚಕ್ಕೆ ಏಳುತ್ತದೆ, ಅಕ್ಷರವೂ ಅದರ ಜೊತೆ ಉದುರುತ್ತದೆ. ಮಾಡಬೇಕಾದದ್ದು ಇಷ್ಟು: ಬಿಡಿಸುವ ಮೊದಲು ಹೊರಗಿನ ಫೋಟೊ ತೆಗೆಯಿರಿ, ಮೆತ್ತನೆಯ ಕುಂಚದಿಂದ ಅಂಚಿನ ದೂಳು ಮಾತ್ರ ಸರಿಸಿ, ತಾನಾಗಿ ತೆರೆದುಕೊಳ್ಳುವ ಮಡಿಕೆಯನ್ನಷ್ಟೇ ತೆರೆದು, ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಮತ್ತೆ ಫೋಟೊ ತೆಗೆಯಿರಿ. ಓರೆ ಬೆಳಕಿನಲ್ಲಿ ಕಣ್ಣಿಗೆ ಕಾಣದ ಗೆರೆಗಳೂ ಏಳುತ್ತವೆ. ಉಳಿದದ್ದನ್ನು ತಜ್ಞರಿಗೆ ಬಿಡಿ.

ಕಾಗದದ ಲೆಕ್ಕಕ್ಕೆ ಬೇರೆ ಕಾಯಿಲೆಗಳು. ದೀಪದ ಕಾಡಿಗೆಯಿಂದ ಮಾಡಿದ ಹಳೆಯ ಮಸಿ ಬೆಳಕಿಗೆ ಮಾಸುವುದಿಲ್ಲ, ಆದರೆ ನೀರು ತಾಗಿದರೆ ಹರಡುತ್ತದೆ. ಕಬ್ಬಿಣದ ಅಂಶವಿರುವ ಶಾಯಿ ಕಾಗದವನ್ನೇ ತಿಂದು ಅಕ್ಷರದ ಆಕಾರದಲ್ಲಿ ತೂತು ಮಾಡುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವವರು ಒಳ್ಳೆಯ ಮನಸ್ಸಿನಿಂದಲೇ ಹಚ್ಚುತ್ತಾರೆ. ಕೆಲವು ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ತೆಗೆಯಲಾಗುವುದಿಲ್ಲ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಬಿಸಿಯಲ್ಲಿ ಪ್ಲಾಸ್ಟಿಕ್ ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುವುದರಿಂದ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ದಯವಿಟ್ಟು ಯಾರೂ ಮನೆಯ ಹಳೆಯ ಕ್ರಯಪತ್ರಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ. ಇನ್ನು ದಪ್ಪ ಬೈಂಡಿನ ಖಾತೆಪುಸ್ತಕವನ್ನು ಸ್ಕ್ಯಾನರಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಎರಡು ದಿಂಬುಗಳ ನಡುವೆ ಅರ್ಧ ತೆರೆದಿಟ್ಟು, ಮೇಲಿನಿಂದ ಕ್ಯಾಮೆರಾ ಸ್ಟ್ಯಾಂಡಿನಲ್ಲಿ ತೆಗೆದರೆ ಸಾಕು.

ಈ ಪುಸ್ತಕಗಳೆಲ್ಲ ಕನ್ನಡದಲ್ಲೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪೇಟೆಯಲ್ಲಿ ತೆಲುಗು, ಮರಾಠಿ, ಉರ್ದು, ತಮಿಳು, ಗುಜರಾತಿ, ಮಾರವಾಡಿ ಲೆಕ್ಕಗಳೂ ಇವೆ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಓದಬಲ್ಲವರು ಈಗ ಬಹಳ ಕಡಿಮೆ. ಓದಲಾಗದ ಪುಸ್ತಕ ಎಂದು ಪಕ್ಕಕ್ಕೆ ಎಸೆದರೆ ಬಟ್ಟೆ ವ್ಯಾಪಾರದ ಒಂದು ದೊಡ್ಡ ಪಾಲು ಕತೆ ಹೋದಂತೆಯೇ. ಸೀರೆಯ ಚೀಟಿಯ ಮೇಲೆ ಅಸಲು ಬೆಲೆಯನ್ನು ಗಿರಾಕಿಗೆ ತಿಳಿಯದಂತೆ ಬರೆಯುವ ಗುಪ್ತಾಕ್ಷರಗಳೂ ಹಾಗೆಯೇ. ಒಂದೊಂದು ಅಂಗಡಿಯದು ಒಂದೊಂದು ಪದ್ಧತಿ. ಅದನ್ನು ಬಲ್ಲ ಗುಮಾಸ್ತರನ್ನು ಈಗಲೇ ಕೂರಿಸಿ, ಅವರ ಒಪ್ಪಿಗೆ ಬರವಣಿಗೆಯಲ್ಲಿ ಪಡೆದು, ಧ್ವನಿ ಮುದ್ರಿಸಿಕೊಳ್ಳಬೇಕು.

ತೂಕ, ಅಳತೆಗಳು ಈ ಸಂಗ್ರಹಾಲಯದ ಜೀವ ಎನ್ನುವುದು ನನ್ನ ಅಭಿಪ್ರಾಯ. 1956ರ ಕಾಯ್ದೆ ಬಂದು 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾದ ಮೇಲೆ ಸೇರು, ಪಾವು, ಚಟಾಕು, ಅಚ್ಚೇರುಗಳು ಅಂಗಡಿಯಿಂದ ಅಡುಗೆಮನೆಗೆ, ಅಲ್ಲಿಂದ ಗುಜರಿಗೆ ಇಳಿದವು. ಸೇರು ಎಂದರೆ ಎಲ್ಲ ಕಡೆ ಒಂದೇ ಅಲ್ಲ. 80 ತೊಲದ ಸೇರು ಸುಮಾರು 933 ಗ್ರಾಂ, 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ಅಳತೆಯ ಸೇರಂತೂ ಧಾನ್ಯ ಬದಲಾದಂತೆ ತೂಕ ಬದಲಿಸುತ್ತದೆ. ಆದ್ದರಿಂದ "ಹಳೆಯ ಸೇರು, ಹಿತ್ತಾಳೆ" ಎಂದು ಬರೆದಿಟ್ಟರೆ ಏನೂ ಬರೆದಂತಾಗಲಿಲ್ಲ. ಅಳತೆಯ ಪಾತ್ರೆಗೆ ನೀರು ಸುರಿಯದೆ ಸಾಸಿವೆಯನ್ನೋ ಒಣ ಸಣ್ಣ ಕಾಳನ್ನೋ ತುಂಬಿ, ಬಾಯಂಚಿಗೆ ಸಮವಾಗಿ ಸವರಿ, ಆ ಕಾಳನ್ನು ಅಳತೆ ಜಾಡಿಗೆ ಸುರಿದು ಎಷ್ಟು ಮಿಲಿಲೀಟರ್ ಎಂದು ಬರೆದುಕೊಳ್ಳಬೇಕು. ತೂಕದ ಕಲ್ಲನ್ನು ನಿಖರ ತಕ್ಕಡಿಯಲ್ಲಿ ಇಟ್ಟು ಗ್ರಾಂ ಬರೆಯಬೇಕು.

ಕಬ್ಬಿಣದ ತೂಕದ ಕಲ್ಲಿನಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಸೀಸ ತುಂಬಿರುತ್ತದೆ. ತೂಕ, ಅಳತೆಯ ಸರ್ಕಾರಿ ತಪಾಸಣೆಯವರು ಮುದ್ರೆ ಒತ್ತುವುದು ಆ ಸೀಸದ ಮೇಲೆ, ವರ್ಷವನ್ನೂ ತ್ರೈಮಾಸಿಕವನ್ನೂ ಸೂಚಿಸುವ ಗುರುತು ಸಹಿತ. ಆ ಕಲ್ಲು ಎಲ್ಲಿಯವರೆಗೆ ಬಳಕೆಯಲ್ಲಿತ್ತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ. ಈ ಮುದ್ರೆ ಎರಡು ರೀತಿಯಲ್ಲಿ ಹಾಳಾಗುತ್ತದೆ. ಒಂದು, ತುಕ್ಕು ತೆಗೆಯುತ್ತೇವೆಂದು ಮರಳು ಕಾಗದ ಹಾಕಿ ಉಜ್ಜುವುದರಿಂದ. ಇನ್ನೊಂದು ಯಾರೂ ಊಹಿಸದ್ದು: ಪ್ಲೈವುಡ್ ಅಥವಾ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮುಚ್ಚಿದ ಕಪಾಟಿನಿಂದ. ಆ ಹಲಗೆಗಳು ಬಿಡುವ ಆಮ್ಲದ ಆವಿ ಸೀಸವನ್ನು ನಿಧಾನವಾಗಿ ಬಿಳಿ ಪುಡಿಯಾಗಿಸುತ್ತದೆ. ಕಾಪಾಡಲೆಂದು ಮಾಡಿಸಿದ ಕಪಾಟೇ ಮುದ್ರೆಯನ್ನು ತಿನ್ನುತ್ತದೆ. ಪೌಡರ್ ಕೋಟಿಂಗ್ ಮಾಡಿದ ಉಕ್ಕು ಮತ್ತು ಗಾಜಿನ ಕಪಾಟು ಸ್ವಲ್ಪ ದುಬಾರಿ, ಆದರೆ ಈ ತೊಂದರೆ ಇಲ್ಲ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವ ಪದ್ಧತಿ ಮನೆಯ ಬಿಂದಿಗೆಗೆ ಸರಿ, ಸಂಗ್ರಹಾಲಯಕ್ಕೆ ಸಲ್ಲದು. ಪ್ರತಿ ಸಲ ಲೋಹದ ಒಂದು ಪದರ ಹೋಗುತ್ತದೆ, ಕೆತ್ತಿದ ಅಂಗಡಿಯ ಹೆಸರು ಮಾಸುತ್ತದೆ, ಸಂದಿಯಲ್ಲಿ ಉಳಿದ ಉಪ್ಪು ಮುಂದೆ ಹಸಿರು ಕಿಲುಬಾಗಿ ಹೊರಬರುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಕಪ್ಪಗಿದ್ದರೆ ಇರಲಿ.

ಈಗ ರಿಜಿಸ್ಟರಿನ ವಿಷಯ. ವಸ್ತುವಿನ ಬೆಲೆ ಇರುವುದು ಅದರ ಜೊತೆ ಬಂದ ಮಾಹಿತಿಯಲ್ಲಿ. ಯಾವ ಬೀದಿಯ ಯಾವ ಅಂಗಡಿ, ಯಾರು ಬಳಸುತ್ತಿದ್ದರು, ಯಾವ ಕೆಲಸಕ್ಕೆ, ಸುಮಾರು ಯಾವ ವರ್ಷದವರೆಗೆ, ಕೊಟ್ಟವರು ಯಾರು, ಅವರಿಗೆ ಹೇಗೆ ಬಂತು: ಈ ಆರು ಪ್ರಶ್ನೆಗಳಿಗೆ ಉತ್ತರ ವಸ್ತು ಕೈಗೆ ಬಂದ ದಿನವೇ ಬರೆಯಬೇಕು. ಆಮೇಲೆ ಕೇಳೋಣ ಎಂದರೆ ಕೇಳಲು ಅವರಿರುವುದಿಲ್ಲ. ಹೊಲಿದು ಬೈಂಡ್ ಮಾಡಿದ, ಪುಟಸಂಖ್ಯೆ ಹಾಕಿದ ದಪ್ಪ ಪುಸ್ತಕವೇ ಬೇಕು. ಬಿಡಿ ಹಾಳೆಯ ಫೈಲ್ ಬೇಡ, ಬರೀ ಎಕ್ಸೆಲ್ ಹಾಳೆಯೂ ಬೇಡ. ಸಂಖ್ಯೆಗೆ ಸರಳ ಕ್ರಮ ಸಾಕು: ವರ್ಷ, ಆ ವರ್ಷ ಬಂದ ಎಷ್ಟನೆಯ ಕೊಡುಗೆ, ಅದರಲ್ಲಿ ಎಷ್ಟನೆಯ ವಸ್ತು. 2026.14.3 ಎಂದರೆ 2026ರ 14ನೆಯ ಕೊಡುಗೆಯ ಮೂರನೆಯ ವಸ್ತು. ಸಂಖ್ಯೆಯಲ್ಲಿ ಬೀದಿಯ ಹೆಸರು, ವಸ್ತುವಿನ ಬಗೆ ಎಲ್ಲ ತುರುಕಲು ಹೋದವರು ಒಂದೆರಡು ವರ್ಷದಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ವಸ್ತು ಹೋದರೂ, ಇನ್ನೊಂದಕ್ಕೆ ಕೊಡಬಾರದು.

ಆ ಸಂಖ್ಯೆ ವಸ್ತುವಿನ ಮೇಲೂ ಇರಬೇಕು. ಅಂಟಿಸುವ ಸ್ಟಿಕ್ಕರ್ ನಮ್ಮ ಹವೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉದುರುತ್ತದೆ, ಅಂಟು ಮಾತ್ರ ಉಳಿಯುತ್ತದೆ. ಲೋಹ, ಮಣ್ಣಿನ ಪಾತ್ರೆ, ಪಾಲಿಶ್ ಇಲ್ಲದ ಗಟ್ಟಿ ಮರಕ್ಕೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಕಾಣದ ಜಾಗದಲ್ಲಿ ಒಂದು ಚಿಕ್ಕ ಪಟ್ಟಿಯಷ್ಟು ಬಳಿದು, ಒಣಗಿದ ಮೇಲೆ ಸಣ್ಣ ನಿಬ್ಬಿನ ಪೆನ್ನಿನಲ್ಲಿ ಸಂಖ್ಯೆ ಬರೆದು, ಮೇಲೊಂದು ಪದರ ಹಚ್ಚಬೇಕು. ಬೇಕೆಂದಾಗ ಅಸಿಟೋನ್ ಹಾಕಿ ಗುರುತಿಲ್ಲದಂತೆ ತೆಗೆಯಬಹುದು. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಸಂಖ್ಯೆ ಬರೆದು ಎರಡು ಸಡಿಲ ಹೊಲಿಗೆ. ಕಾಗದ, ಫೋಟೊಗಳಿಗೆ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲ್, ಒತ್ತದೆ. ಬಾಲ್ ಪೆನ್ ಯಾವುದಕ್ಕೂ ಬೇಡ. ರಿಜಿಸ್ಟರಿನ ಪ್ರತಿ ಪುಟದ ಫೋಟೊ ತೆಗೆದು ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಟ್ಟರೆ ಬೆಂಕಿ ಬಿದ್ದಾಗ ಏನು ಹೋಯಿತು ಎಂದಾದರೂ ಗೊತ್ತಾಗುತ್ತದೆ.

ಕೊಡುಗೆಯ ಕಾಗದಪತ್ರದಲ್ಲಿ ಸಂಕೋಚ ಬೇಡ. ದಾನವಾದರೆ ದಾನಪತ್ರ, ಎರಡು ಪ್ರತಿ, ಎರಡೂ ಕಡೆಯವರ ಸಹಿ. ಎರವಲಾದರೆ ಒಂದು ಅಥವಾ ಎರಡು ವರ್ಷದ ಅವಧಿ, ವಾಪಸ್ ಕೊಡುವ ದಿನಾಂಕ. "ಸದಾಕಾಲಕ್ಕೆ ಎರವಲು" ಎಂದು ಬಾಯಿಮಾತಿನಲ್ಲಿ ತೆಗೆದುಕೊಂಡದ್ದೇ ಮುಂದಿನ ತಲೆಮಾರಿನಲ್ಲಿ ವ್ಯಾಜ್ಯವಾಗುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ವಸ್ತು, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿ, ದಾಖಲೆಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಕ್ಷೇಪ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದನ್ನು ಸಂಗ್ರಹಾಲಯ ನೇರವಾಗಿ ತೆಗೆದುಕೊಳ್ಳುವಂತಿಲ್ಲ.

ಚಿಕ್ಕಪೇಟೆ ಎಂದರೆ ರೇಷ್ಮೆ, ಹಾಗಾಗಿ ಸೀರೆಗಳು ಬಂದೇ ಬರುತ್ತವೆ. ರೇಷ್ಮೆಗೆ ದೊಡ್ಡ ಶತ್ರು ಬೆಳಕು, ಮತ್ತು ಬೆಳಕಿನಿಂದ ಆದ ಹಾನಿಗೆ ಮದ್ದಿಲ್ಲ. ಪ್ರದರ್ಶನದಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಸಾಮಾನ್ಯ ಕಚೇರಿಯ ಬೆಳಕೇ 300ರಿಂದ 500 ಲಕ್ಸ್ ಇರುತ್ತದೆ, ತೊಟ್ಟಿಮನೆಯ ನಡುವಿನ ತೆರಪಿನಿಂದ ಬೀಳುವ ಬಿಸಿಲಿನ ಮಾತೇ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಸೀರೆ ಬದಲಿಸಬೇಕು. ಕ್ಲಿಪ್ ಹಾಕಿ ನೇತುಹಾಕಿದರೆ ಜರಿಯ ಭಾರಕ್ಕೆ ಕ್ಲಿಪ್ಪಿನ ಜಾಗದಲ್ಲೇ ಹರಿಯುತ್ತದೆ. ಇಡುವಾಗ ಮಡಿಸಬಾರದು, ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಮೂರಿಂಚು ದಪ್ಪದ ಕೊಳವೆಗೆ ಗಂಜಿ ಹೋಗುವಂತೆ ಚೆನ್ನಾಗಿ ಒಗೆದ ಮಲ್ ಬಟ್ಟೆ ಸುತ್ತಿ, ಅದರ ಮೇಲೆ ಸೀರೆ ಸುರುಳಿ ಸುತ್ತಿ, ಮೇಲೆ ಮತ್ತೊಂದು ಮಲ್ ಹೊದಿಸಿ, ಹತ್ತಿ ಪಟ್ಟಿಯಲ್ಲಿ ಕಟ್ಟಬೇಕು. ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಗಂಧಕ ಬೆಳ್ಳಿ ಜರಿಯನ್ನು ಕಪ್ಪಾಗಿಸುತ್ತದೆ. ಮಗ್ಗದ ಜಕಾರ್ಡ್ ರಟ್ಟುಗಳು, ಅಂದರೆ ವಿನ್ಯಾಸಕ್ಕೆ ತಕ್ಕಂತೆ ತೂತು ಕೊರೆದು ಸಾಲಾಗಿ ಪೋಣಿಸಿದ ರಟ್ಟುಗಳು, ಸಿಕ್ಕರೆ ದಾರ ಬಿಚ್ಚಬೇಡಿ. ಕ್ರಮ ತಪ್ಪಿದರೆ ವಿನ್ಯಾಸವೇ ಹೋಯಿತು.

ಗೆದ್ದಲು, ಬೆಳ್ಳಿಹುಳು, ನುಸಿಗಳಿಗೆ ನುಸಿಗುಳಿಗೆ (ನ್ಯಾಫ್ತಲೀನ್) ಸುರಿಯುವುದು ಸುಲಭದ ದಾರಿ, ಆದರೆ ಅದರ ಆವಿ ಕೆಲಸ ಮಾಡುವವರಿಗೂ ಕೆಟ್ಟದ್ದು, ಕೆಲವು ಪ್ಲಾಸ್ಟಿಕ್, ಫಿಲ್ಮ್‌ಗಳಿಗೂ ಕೆಟ್ಟದ್ದು. ಹೊಸದಾಗಿ ಬಂದ ಪುಸ್ತಕ, ಬಟ್ಟೆಯನ್ನು ನೇರ ಭಂಡಾರಕ್ಕೆ ಒಯ್ಯದೆ ಬೇರೆ ಕೋಣೆಯಲ್ಲಿ ಕೆಲವು ವಾರ ಇಟ್ಟು ನೋಡಬೇಕು. ಹುಳು ಕಂಡರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಗಾಜಿನ ನೆಗೆಟಿವ್, ಬಣ್ಣ ಬಳಿದ ಮರಕ್ಕೆ ಈ ಉಪಾಯ ಬೇಡ.

ಕಟ್ಟಡದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಪೇಟೆಯ ಹಳೆಯ ಮನೆಯೊಂದರಲ್ಲಿ ಸಂಗ್ರಹಾಲಯ ಮಾಡಿದರೆ ಅದಕ್ಕಿಂತ ಚೆಂದ ಇಲ್ಲ. ಆದರೆ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ನೆಲದಿಂದ ಏರಿದ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ನಿಲ್ಲುತ್ತದೆ. ಲವಣ ಹೂವಿನಂತೆ ಅರಳಿ ಗಾರೆ ಉದುರುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಬೇಕು. ಇನ್ನು ಭಾರ. ವಾಸದ ಮನೆಯ ಮಹಡಿಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಪುಸ್ತಕದ ಕಪಾಟು ತುಂಬಿದ ಕೋಣೆಗೆ ಕನಿಷ್ಠ 600 ಕೆ.ಜಿ. ಬೇಕು. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಯ ಮೇಲೆ ಲೆಕ್ಕದ ಪುಸ್ತಕ ಪೇರಿಸುವುದೆಂದರೆ ಅಪಾಯವನ್ನು ಪೇರಿಸಿದಂತೆ. ಭಾರವೆಲ್ಲ ನೆಲಮಹಡಿಗೆ, ಆದರೆ ನೆಲದಿಂದ ಕನಿಷ್ಠ ಆರಿಂಚು ಮೇಲೆ, ಗೋಡೆಯಿಂದ ಮೂರಿಂಚು ದೂರ. ಸೆಪ್ಟೆಂಬರಿನ ಒಂದೇ ಮಳೆಗೆ ಚರಂಡಿ ಉಕ್ಕಿ ಅಂಗಡಿಗೆ ನುಗ್ಗುವುದು ಪೇಟೆಯವರಿಗೆ ಹೊಸದಲ್ಲ. ಭಂಡಾರದ ನೆತ್ತಿಯ ಮೇಲೆ ನೀರಿನ ಟ್ಯಾಂಕು, ಶೌಚಾಲಯ ಬರಬಾರದು. ಒದ್ದೆಯಾದ ಕಾಗದಕ್ಕೆ 48 ಗಂಟೆಯೊಳಗೆ ಬೂಷ್ಟು ಹಿಡಿಯತೊಡಗುತ್ತದೆ, ಆದ್ದರಿಂದ ಬ್ಲಾಟಿಂಗ್ ಪೇಪರ್, ಟೇಬಲ್ ಫ್ಯಾನ್, ಖಾಲಿ ಟ್ರೇಗಳು ಸದಾ ಸಿದ್ಧ ಇರಲಿ. ಬಿಸಿಲಿನಲ್ಲಿ ಒಣಗಿಸಬೇಡಿ.

ಎ.ಸಿ. ಹಾಕಿಸಿ ಹಗಲು ಓಡಿಸಿ ರಾತ್ರಿ ಆರಿಸುವುದು ಹಾಕಿಸದೇ ಇರುವುದಕ್ಕಿಂತ ಕೆಟ್ಟದ್ದು. ದಿನಕ್ಕೆರಡು ಸಲ ತೇವಾಂಶ ಏರಿ ಇಳಿದರೆ ಮರ ಬಿರಿಯುತ್ತದೆ, ಫೋಟೊ ಸುರುಳಿಯಾಗುತ್ತದೆ. ಮಾರ್ಚ್ ತಿಂಗಳ ಒಣ ಮಧ್ಯಾಹ್ನಕ್ಕೂ ಮಳೆಗಾಲದ ಮುಂಜಾವಿಗೂ ನಮ್ಮಲ್ಲಿ ಬಹಳ ಅಂತರವಿದೆ. ತೇವಾಂಶ ಶೇ 65 ದಾಟದಂತೆ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್), ಉಳಿದ ಕಾಲಕ್ಕೆ ಎದುರುಬದುರು ಕಿಟಕಿಗಳ ಗಾಳಿ, ಕೋಣೆಗೊಂದು ತೇವಾಂಶ ಮಾಪಕ. ಹಳೆಯ ವೈರಿಂಗ್ ಪೂರ್ತಿ ಬದಲಿಸದೆ ಒಂದು ದೀಪವನ್ನೂ ಹಾಕಬೇಡಿ. ಈ ಗಲ್ಲಿಗಳಿಗೆ ಅಗ್ನಿಶಾಮಕ ವಾಹನ ಬರುವುದು ಕಷ್ಟ. ಪುಡಿ ಎರಚುವ ಬೆಂಕಿನಂದಕದ ಪುಡಿ ಲೋಹವನ್ನು ತಿನ್ನುತ್ತದೆ, ಆದ್ದರಿಂದ ಭಂಡಾರದ ವಿದ್ಯುತ್ ಬೋರ್ಡುಗಳ ಬಳಿ ಇಂಗಾಲದ ಡೈಆಕ್ಸೈಡಿನದೂ ಇರಲಿ.

ವಿವರಣೆಯ ಫಲಕಗಳಲ್ಲಿ ಕನ್ನಡ ಮೊದಲು ಬರಲಿ, ಮತ್ತು ಅದು ಕನ್ನಡದಲ್ಲೇ ಬರೆದ ಕನ್ನಡವಾಗಿರಲಿ. ಒಂದು ಫಲಕಕ್ಕೆ 50-60 ಪದ ಸಾಕು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಓದಲಾಗುವುದಿಲ್ಲ. ಅಕ್ಷರ ದೊಡ್ಡದಿರಲಿ, ಸಾಲಿನ ಅಂತರ ಇನ್ನೂ ಹೆಚ್ಚಿರಲಿ. ದಾಖಲೆ ಯಾವುದು, ಪ್ರತೀತಿ ಯಾವುದು ಎಂದು ಬೇರೆಬೇರೆಯಾಗಿಯೇ ಹೇಳಬೇಕು. ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಬೀದಿ ಗುರುತಿಸಿದ ಕತೆ ಪ್ರತೀತಿ. ಅದನ್ನು ಹಾಗೆಂದೇ ಬರೆದರೆ ಅದರ ಸೊಗಸೇನೂ ಕಡಿಮೆಯಾಗುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯದ ಶಾಸನದಲ್ಲಿ ಸುಮಾರು ಕ್ರಿ.ಶ. 890ರಲ್ಲೇ ಬೆಂಗಳೂರು ಕಾಳಗದ ಹೆಸರಿದೆ. ಆದ್ದರಿಂದ "1537ರಲ್ಲಿ ಬೆಂಗಳೂರು ಹುಟ್ಟಿತು" ಎಂದು ಬರೆಯಬಾರದು, "ಪೇಟೆ ಕಟ್ಟಲಾಯಿತು" ಎಂದು ಬರೆಯಬೇಕು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಮೊದಲು ಪೇಟೆಯನ್ನು, ಎರಡು ವಾರದ ಬಳಿಕ ಕೋಟೆಯನ್ನು ಹಿಡಿದದ್ದನ್ನು ಹೇಳುವಾಗ ಪೇಟೆಯ ಜನರಿಗೆ ಏನಾಯಿತು ಎಂಬುದಕ್ಕೂ ಜಾಗವಿರಲಿ. 1898ರ ಪ್ಲೇಗು ಈ ಬೀದಿಗಳನ್ನು ಹೇಗೆ ಬರಿದುಮಾಡಿತು, ಯಾರು ಬಸವನಗುಡಿ, ಮಲ್ಲೇಶ್ವರಕ್ಕೆ ಹೋದರು, ಹೋಗಲಾಗದೆ ಇಲ್ಲೇ ಉಳಿದವರು ಯಾರು ಎಂಬುದು ಒಂದು ಇಡೀ ಕೋಣೆಗೆ ಆಗುವ ವಿಷಯ.

ಹಮಾಲರು, ಕೈಗಾಡಿಯವರು, ಹೂ ಕಟ್ಟುವವರು, ದರ್ಜಿಗಳು, ಹೊರೆ ಹೊತ್ತು ಮಾರುವವರು ಇಲ್ಲದ ಪೇಟೆಯ ಸಂಗ್ರಹಾಲಯ ಬರೀ ಸಾಹುಕಾರರ ಮನೆಯ ಹಾಲ್ ಆಗುತ್ತದೆ. ಗೋಣಿಚೀಲದ ಕೊಕ್ಕೆ, ತಲೆಗೆ ಇಡುವ ಸಿಂಬೆ, ಕೂಲಿ ಚೀಟಿ, ಗಾಡಿಯ ಬಿಲ್ಲೆ ಸಂಗ್ರಹಿಸಲು ಹಣ ಬೇಕಿಲ್ಲ, ಹೋಗಿ ಕೇಳಬೇಕು ಅಷ್ಟೆ. ಕಾಳುಕಡಿಯ ಸಗಟು ವ್ಯಾಪಾರದ ಬಹುಪಾಲು ತರಗುಪೇಟೆಯಿಂದ ಯಶವಂತಪುರದ ಎಪಿಎಂಸಿ ಪ್ರಾಂಗಣಕ್ಕೆ ಹೋದಾಗ ಜೊತೆಗೆ ಹೋದವರಲ್ಲಿ ಈ ವಸ್ತುಗಳೂ ನೆನಪುಗಳೂ ಇವೆ, ಅಲ್ಲಿಗೂ ಹೋಗಬೇಕು. ಪೇಟೆಯಲ್ಲಿ ಕೆಲಸ ಮಾಡುವವರಿಗೆ ಬಿಡುವು ಸಿಗುವುದು ಭಾನುವಾರ, ಆದ್ದರಿಂದ ಭಾನುವಾರ ತೆರೆದಿರಬೇಕು, ಬೇಕಾದರೆ ಸೋಮವಾರ ರಜೆ ಇರಲಿ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣಗಳು 2017ರಿಂದ ಇವೆ. ಪಾರ್ಕಿಂಗ್ ಜಾಗ ಇಲ್ಲ ಎಂಬ ನೆಪ ಇನ್ನು ನಿಲ್ಲುವುದಿಲ್ಲ.

ಪಾಲಿಕೆ ಮಾಡಬಹುದಾದದ್ದು ಇದು. ಪೇಟೆಯೊಳಗೆ ತನ್ನದೇ ಕಟ್ಟಡವೊಂದರ ನೆಲಮಹಡಿಯಲ್ಲಿ ಸೋರದ ಒಂದು ಕೋಣೆ ಬಿಟ್ಟುಕೊಡಲಿ. ವಸ್ತುಸಂಗ್ರಹಾಲಯ ಶಾಸ್ತ್ರ ಓದಿದ ಒಬ್ಬರನ್ನು ಗುತ್ತಿಗೆಯಲ್ಲಿ ಅಲ್ಲ, ಪೂರ್ಣಾವಧಿಗೆ ನೇಮಿಸಲಿ. ಹಳೆಯ ಕಟ್ಟಡ ಕೆಡವಲು ಅರ್ಜಿ ಬಂದಾಗ, ಕೆಡವುವ ಏಳು ದಿನ ಮೊದಲು ಆ ವ್ಯಕ್ತಿ ಒಳಹೋಗಿ ನೋಡಿ, ಫೋಟೊ ತೆಗೆದು, ಮಾಲೀಕರು ಒಪ್ಪಿ ಕೊಟ್ಟದ್ದನ್ನು ರಿಜಿಸ್ಟರಿಗೆ ಹತ್ತಿಸಿಕೊಳ್ಳಲು ಅವಕಾಶ ಕೊಡುವ ಒಂದು ಷರತ್ತನ್ನು ಅನುಮತಿ ಪತ್ರದಲ್ಲಿ ಸೇರಿಸಲಿ. ವರ್ತಕರ ಸಂಘಗಳು ತಮ್ಮ ಸದಸ್ಯರಿಗೆ ಒಂದು ಸುತ್ತೋಲೆ ಕಳಿಸಲಿ: ಅಟ್ಟ ಖಾಲಿ ಮಾಡುವ ಮೊದಲು ಒಂದು ಫೋನ್ ಮಾಡಿ, ಏನನ್ನೂ ಒರೆಸಬೇಡಿ, ತಿಕ್ಕಬೇಡಿ, ಕಟ್ಟು ಬಿಚ್ಚಬೇಡಿ, ಯಾವ ಕಪಾಟಿನಲ್ಲಿ ಏನಿತ್ತು ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ಇತಿ,
ವಸ್ತುಸಂಗ್ರಹಾಲಯ ಸಂರಕ್ಷಣಾ ಕ್ಷೇತ್ರದ ಓದುಗರೊಬ್ಬರು,
ಚಾಮರಾಜಪೇಟೆ, ಬೆಂಗಳೂರು